ಅದು ನರವಲ್ಲಮ್ಮಾ, ರಕ್ತನಾಳ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುವ ಹೆಂಗಸೊಬ್ಬರು ಸೀರೆಯ ಅಂಚು ತುಸು ಎತ್ತಿ ಕಾಲು ತೋರಿಸಿದರು. ಮೀನಖಂಡದ ಮೇಲೆ ನಾಳಗಳು ಬೆರಳು ಗಾತ್ರಕ್ಕೆ ಉಬ್ಬಿ ಸುರುಳಿ ಸುತ್ತಿಕೊಂಡಿದ್ದವು. "ನರ ವೀಕಾಗಿಬಿಟ್ಟವೆ ಸಾರ್" ಎಂದರು. ಎರಡು ವರ್ಷದಿಂದ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನರದ ಮಾತ್ರೆ ನುಂಗುತ್ತಿದ್ದರಂತೆ.

ನಮ್ಮ ಆಡುಮಾತಿನಲ್ಲಿ ಎರಡಕ್ಕೂ ನರವೆಂದೇ ಹೆಸರು. ರಕ್ತ ತೆಗೆಯುವಾಗ ‘ನರ ಸಿಗ್ತಿಲ್ಲ’ ಎಂದು ನಾವು ವೈದ್ಯರೂ ಹೇಳುತ್ತೇವೆ. ಆದರೆ ನರ ಸಂದೇಶ ಒಯ್ಯುವ ತಂತಿ. ಇವರ ಕಾಲಲ್ಲಿ ಕೆಟ್ಟಿರುವುದು ರಕ್ತ ಹರಿಯುವ ಅಭಿಧಮನಿ. ನರದ ಮಾತ್ರೆಯಿಂದ ಅದು ಸರಿಹೋಗುವುದಿಲ್ಲ.

ಹೃದಯದಿಂದ ರಕ್ತ ಹೊರಡುವುದು ಅಪಧಮನಿಗಳಲ್ಲಿ. ಪ್ರತಿ ಬಡಿತದ ಒತ್ತಡ ತಾಳಬೇಕಾದ್ದರಿಂದ ಅವುಗಳ ಗೋಡೆಯಲ್ಲಿ ಸ್ನಾಯು, ಹಿಗ್ಗುವ ನಾರು ಹೆಚ್ಚು. ಕೊನೆಗೆ ಅತಿ ಸಣ್ಣ ಲೋಮನಾಳಗಳು. ಒಂದೇ ಪದರ ಜೀವಕೋಶಗಳ ಗೋಡೆ. ಕೆಂಪು ರಕ್ತಕಣಗಳು ಮೈ ಬಾಗಿಸಿಕೊಂಡು ಒಂದರ ಹಿಂದೊಂದು ಸಾಗಬೇಕು. ಆಮ್ಲಜನಕ ಕೈಬದಲಾಗುವುದು ಅಲ್ಲೇ. ಅಲ್ಲಿಂದ ಮರಳುವ ದಾರಿ ಅಭಿಧಮನಿ: ತೆಳು ಗೋಡೆ, ಒತ್ತಡ ಕಡಿಮೆ. ಆದರೂ ಮೈಯ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಯಾವಾಗಲೂ ಇರುವುದು ಇವುಗಳಲ್ಲೇ.

ಪಾದದಿಂದ ಎದೆಯವರೆಗೆ ಮೇಲಕ್ಕೆ ಏರುವುದು ಹೇಗೆ? ಜೊತೆಗೆ ಬಂದಿದ್ದ ಯಜಮಾನರು ಹಳೇ ಬಾವಿಯ ಕಾಲದ ರೈತರು. "ಪಂಪಿನ ಫುಟ್‌ವಾಲ್ವ್ ಕೆಟ್ಟರೆ ಏನಾಗುತ್ತೆ?" ಎಂದೆ. "ಪೈಪಲ್ಲಿರೋ ನೀರೆಲ್ಲ ಕೆಳಕ್ಕಿಳಿದುಹೋಗುತ್ತೆ" ಎಂದರು. ಕಾಲಿನ ಅಭಿಧಮನಿಯ ಉದ್ದಕ್ಕೂ ಅಂಥ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಕವಾಟ ಮುಚ್ಚಿ ಅದನ್ನು ಕೆಳಗಿಳಿಯದಂತೆ ಹಿಡಿಯುತ್ತದೆ. ಅಲುಗಾಡದೆ ನಿಂತರೆ ಪಾದದ ಅಭಿಧಮನಿಯ ಒತ್ತಡ ಸುಮಾರು 90 ಮಿ.ಮೀ. ಪಾದರಸಕ್ಕೇರುತ್ತದೆ, ನಡೆದರೆ 30ರ ಆಸುಪಾಸಿಗೆ ಇಳಿಯುತ್ತದೆ. ಹೆರಿಗೆ, ವಂಶವಾಹಿ, ತೂಕ, ವರ್ಷಗಟ್ಟಲೆ ನಿಂತ ಕೆಲಸ, ಇವುಗಳಿಂದ ನಾಳ ಹಿಗ್ಗಿದರೆ ಕವಾಟದ ಎಸಳುಗಳು ಒಂದಕ್ಕೊಂದು ತಾಗುವುದಿಲ್ಲ. ರಕ್ತ ಕೆಳಗಿಳಿದು ನಿಂತು ನಾಳ ಉಬ್ಬುತ್ತದೆ. ಇಂಥ ನಾಳವನ್ನು ಮುಚ್ಚಿಬಿಡುವ ಚಿಕಿತ್ಸೆಯೂ ಇದೆ ಎಂದೆ.

"ಅದನ್ನ ಮುಚ್ಚಿಬಿಟ್ರೆ ರಕ್ತಕ್ಕೆ ದಾರಿ ಬೇಡವಾ ಸಾರ್?" ಎಂದು ಆಕೆ ಕೇಳಿದರು. ಒಳ್ಳೆಯ ಪ್ರಶ್ನೆ. ಕಾಲಿನ ರಕ್ತದಲ್ಲಿ ನೂರಕ್ಕೆ ಸುಮಾರು 90 ಪಾಲು ಹಿಂತಿರುಗುವುದು ಸ್ನಾಯುಗಳ ನಡುವಿನ ಆಳದ ನಾಳಗಳಲ್ಲಿ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಅವು ಚೆನ್ನಾಗಿವೆ ಎಂದು ಖಾತ್ರಿಯಾದರೆ ಚರ್ಮದಡಿಯ ಕೆಟ್ಟ ನಾಳವನ್ನು ಮುಚ್ಚಿದರೂ ತೊಂದರೆಯಿಲ್ಲ.

ಸದ್ಯಕ್ಕೆ ಅವರಿಗೆ ಬಿಗಿ ಕಾಲುಚೀಲ ಬರೆದುಕೊಟ್ಟೆ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ, ಊತ ಏರುವ ಮುಂಚೆ, ಹಾಕಿಕೊಳ್ಳಬೇಕು. ಕೊಡುವ ಮೊದಲು ಪಾದದ ನಾಡಿ ಮುಟ್ಟಿ ನೋಡಿದೆ. ಸಕ್ಕರೆ ಕಾಯಿಲೆಯವರಲ್ಲಿ, ಬೀಡಿ ಸೇದುವವರಲ್ಲಿ ಅಪಧಮನಿಯೇ ಕಟ್ಟಿಕೊಂಡಿದ್ದರೆ ಬಿಗಿ ಚೀಲದಿಂದ ಕಾಲಿಗೇ ಅಪಾಯ. ಹಾಗಾಗಿ ಅಂಗಡಿಯಲ್ಲಿ ನೀವೇ ಕೊಂಡು ಹಾಕಿಕೊಳ್ಳಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ.