ಡಬ್ಬದಲ್ಲಿ ಕಂಡ ಬಣ್ಣ

ಮದುವೆ ಕಾಲ ಶುರುವಾಯಿತೆಂದರೆ ಕಾಸರಗೋಡಿನ ಕಡೆಯ ಬದಿಯಡ್ಕದ ನನ್ನ ಹೊಲಿಗೆ ಕೋಣೆಗೆ ಬರುವ ಹೆಚ್ಚಿನವರು ಮಾಡುವ ಕೆಲಸ ಒಂದೇ. ಸೀರೆಯನ್ನು ಮೇಜಿನ ಮೇಲೆ ಹರಡುತ್ತಾರೆ. ಚೀಲದಿಂದ ಮಣಿಯ ಪುಟ್ಟ ಪ್ಲಾಸ್ಟಿಕ್ ಡಬ್ಬ ತೆಗೆದು ಸೀರೆಯ ಅಂಚಿಗೆ ತಾಗಿಸಿ ಇಡುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ. "ಸರೀ ಮ್ಯಾಚ್ ಉಂಟಲ್ಲ ಅಕ್ಕಾ?"

ಉಂಟು. ಡಬ್ಬಕ್ಕೂ ಸೀರೆಗೂ ಮ್ಯಾಚ್ ಉಂಟು. ಆದರೆ ಮಂಟಪಕ್ಕೆ ಯಾರೂ ತೋಳಿಗೆ ಡಬ್ಬ ಕಟ್ಟಿಕೊಂಡು ಹೋಗುವುದಿಲ್ಲವಲ್ಲ.

22 ವರ್ಷದಿಂದ ರವಕೆಗೆ ಮಣಿ ಕೂರಿಸುತ್ತಿದ್ದೇನೆ. ಯಾವ ಸೂಜಿ, ಯಾವ ಹೊಲಿಗೆ, ಬಟ್ಟೆಯನ್ನು ಚೌಕಟ್ಟಿಗೆ ಎಷ್ಟು ಬಿಗಿಯಬೇಕು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಹೊಲಿಯುವವರ ಪಾಡು. ಹೊಲಿಸಿಕೊಳ್ಳುವವರ ಹತ್ತಿರ ನನಗೆ ಇರುವ ಜಗಳ ಈ ಡಬ್ಬದ್ದು ಮಾತ್ರ.

ಪುನರ್ಪುಳಿ ಶರಬತ್ತು ಮಾಡುವವರಿಗೆ ಇದು ಅರ್ಧ ನಿಮಿಷದಲ್ಲಿ ಅರ್ಥವಾಗಬೇಕು. ಬಾಟಲಿಯಲ್ಲಿರುವಾಗ ಅದು ಕಪ್ಪಿಗೆ ಹತ್ತಿರದ ಕೆಂಪು. ಅದನ್ನೇ ಎರಡು ಚಮಚ ಚಪ್ಪಟೆ ತಟ್ಟೆಗೆ ಸುರಿದರೆ ತಿಳಿ ಕೆಂಪು, ತಟ್ಟೆಯ ಹೂವಿನ ಚಿತ್ರ ಕೂಡ ಅಡಿಯಲ್ಲಿ ಕಾಣುತ್ತದೆ. ರಸ ಬದಲಾಗಲಿಲ್ಲ, ಬೆಳಕು ಹಾಯಬೇಕಾದ ದಪ್ಪ ಬದಲಾಯಿತು. ನಾವು ಹೆಚ್ಚಾಗಿ ಬಳಸುವ 11 ನಂಬರಿನ ಮಣಿ ಸುಮಾರು 2 ಮಿಲಿಮೀಟರ್ ಅಗಲದ್ದು. 10 ಗ್ರಾಮಿನ ಡಬ್ಬದಲ್ಲಿ ಅಂಥವು ಹೆಚ್ಚುಕಡಿಮೆ ಸಾವಿರ ಇರುತ್ತವೆ. ಒಳಗೆ ಹೋದ ಬೆಳಕು ಒಂದು ಮಣಿಯನ್ನು ದಾಟಿ, ಇನ್ನೊಂದಕ್ಕೆ ತಾಗಿ, ಮತ್ತೊಂದನ್ನು ಹಾದು ಹೊರಗೆ ಬರುವಾಗ ಬಣ್ಣ ಗಾಢವಾಗಿರುತ್ತದೆ. ಬಟ್ಟೆಯ ಮೇಲೆ ಅದೇ ಮಣಿ ಒಂದು ಸಾಲಿನಲ್ಲಿ, ಒಂದೇ ಪದರದಲ್ಲಿ ಕೂರುತ್ತದೆ. ಅಲ್ಲಿ ನಿಮಗೆ ಕಾಣುವುದು ಅರ್ಧ ಮಣಿ, ಅರ್ಧ ಅಡಿಯ ಬಟ್ಟೆ.

ಹಾಗಾಗಿ ಡಬ್ಬದಲ್ಲಿ ಜೇನಿನ ಹಾಗೆ ಹೊಳೆದ ಪಾರದರ್ಶಕ ಮಣಿ ಬಾಟಲ್ ಗ್ರೀನ್ ರೇಷ್ಮೆಯ ಮೇಲೆ ಕೂತಾಗ ಕೆಸರು ನೀರಿನ ಹನಿಯಂತೆ ಕಾಣುತ್ತದೆ. ಅದು ಮಣಿಯ ತಪ್ಪಲ್ಲ. ಹೊಲಿದವಳ ತಪ್ಪಂತೂ ಖಂಡಿತ ಅಲ್ಲ.

ನನ್ನ ಬಾಗಿಲ ಪಕ್ಕ ಒಂದು ತುಂಡು ಬಟ್ಟೆ ತೂಗುಹಾಕಿದ್ದೇನೆ. ಕೆನೆ ಬಣ್ಣದ ಬಟ್ಟೆ, ಅದರ ಮೇಲೆ ಮೂರು ಸಾಲು ಮಣಿ. ಮೊದಲನೆಯದು ಬೆಳ್ಳಗೆ, ಎರಡನೆಯದು ಗುಲಾಬಿ ಛಾಯೆಯದು, ಮೂರನೆಯದು ಎಳೆ ಹಸಿರು. "ಈ ಮೂರರಲ್ಲಿ ನಡುವಿನದ್ದು ಎಲ್ಲಿ ಸಿಗ್ತದೆ?" ಎಂದು ಕೇಳದವರು ಕಡಿಮೆ. ಮೂರೂ ಒಂದೇ ಡಬ್ಬದ ಬಣ್ಣವಿಲ್ಲದ ಗಾಜಿನ ಮಣಿ. ಒಂದನ್ನು ಬಿಳಿ ನೂಲಿನಲ್ಲಿ, ಒಂದನ್ನು ಕೆಂಪಿನಲ್ಲಿ, ಒಂದನ್ನು ಹಸಿರಿನಲ್ಲಿ ಹೊಲಿದದ್ದು, ಅಷ್ಟೇ. ಹೀಗೆ ಹೇಳಿದರೆ ಕೆಲವರು ನಗುತ್ತಾರೆ, ಕೆಲವರು ನಾನು ಮಣಿ ಎಲ್ಲಿ ಸಿಗುತ್ತದೆಂದು ಹೇಳಲಿಕ್ಕೆ ಮನಸ್ಸಿಲ್ಲದೆ ಸುಳ್ಳು ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಎಲ್ಲ ಮಣಿಯೂ ಹೀಗೆ ಕೈಕೊಡುವುದಿಲ್ಲ. ಬೆಳಕು ಹಾಯದ ಗಟ್ಟಿ ಮಣಿ ಡಬ್ಬದಲ್ಲಿ ಹೇಗೋ ಬಟ್ಟೆಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ತೂತಿನ ಒಳಗೆ ಬೆಳ್ಳಿ ಲೇಪ ಇರುವ ಮಣಿಯೂ ಬಟ್ಟೆಯ ಬಣ್ಣವನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ, ಬಂದ ಬೆಳಕನ್ನು ಒಳಗಿಂದಲೇ ತಿರುಗಿಸಿ ಕಳಿಸುತ್ತದೆ. ಕಾಮನಬಿಲ್ಲಿನ ಹೊಳಪಿನ ಮಣಿಯ ಮೇಲೆ ಹುಡುಗಿಯರಿಗೆ ಪ್ರಾಣ. ಬೇಡ ಎನ್ನುವುದಿಲ್ಲ, ಆದರೆ ಹತ್ತಿರದಲ್ಲಿ ಏಳು ಬಣ್ಣ ತೋರಿಸುವ ಅದು ದೂರಕ್ಕೆ ಬರೀ ಮಿಂಚು. ಅದನ್ನು ಬಣ್ಣ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು ನೆರೆಹೊರೆಯ ವಿಷಯ. ನನ್ನ ಅಜ್ಜಿಯ ಕರಿಮಣಿ ಸರ ಈಗ ನನ್ನ ಹತ್ತಿರ ಉಂಟು. ಕರಿಮಣಿಯ ನಡುನಡುವೆ ಸಣ್ಣ ಚಿನ್ನದ ಗುಂಡು, ಎರಡು ಕಡೆ ಒಂದೊಂದು ಹವಳ. ಒಮ್ಮೆ ನೂಲು ಕಡಿದು ಎಲ್ಲವೂ ಬಟ್ಟಲಿಗೆ ಬಿತ್ತು. ಚಿನ್ನದ ಗುಂಡುಗಳನ್ನು ಬೇರೆ ಮಾಡಿ ಕಾಗದದ ಮೇಲೆ ಇಟ್ಟು ನೋಡಿದರೆ ಸವೆದು ಮಂಕಾದ, ಹಿತ್ತಾಳೆಯೋ ಎನ್ನಿಸುವ ಗುಂಡುಗಳು. ಪುನಃ ಪೋಣಿಸಿದೆ. ಕಪ್ಪಿನ ಮಧ್ಯೆ ಬಂದದ್ದೇ ತಡ, ಚಿನ್ನ ಚಿನ್ನವಾಯಿತು. ಆ ಸರ ಕಟ್ಟಿದವರು ಬಣ್ಣದ ಪಾಠ ಓದಿದವರಲ್ಲ.

ಓದಿದವರ ಕಥೆಯೂ ಉಂಟು. ಮಂಗಳೂರಿನಲ್ಲಿ ವಸ್ತ್ರವಿನ್ಯಾಸ ಕಲಿಯುವ ನನ್ನ ಮಗಳು ಹೇಳಿದ್ದು. ಪ್ಯಾರಿಸಿನ ಗೋಬೆಲಿನ್ ನೇಯ್ಗೆಯ ಕಾರ್ಖಾನೆಗೆ 1824ರಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿ ಶೆವ್ರುಲ್ ಎಂಬ ರಸಾಯನಶಾಸ್ತ್ರಜ್ಞ ಬಂದ. ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಎಂದು ಅವನ ಹತ್ತಿರ ದೂರು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷವಿಲ್ಲ. ನೀಲಿ, ನೇರಳೆಯ ಪಕ್ಕದಲ್ಲಿ ನೇಯ್ದದ್ದರಿಂದ ಕಪ್ಪು ಸೊರಗಿ ಕಾಣುತ್ತಿತ್ತು. ಪಕ್ಕದ ಬಣ್ಣ ಬಣ್ಣವನ್ನು ಹೇಗೆ ಬದಲಿಸುತ್ತದೆ ಎಂದು ಆತ 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಇಂಥ ದೂರುಗಳನ್ನು ಕೇಳಿಯೂ ಮನುಷ್ಯ 102 ವರ್ಷ ಬದುಕಿದನಂತೆ. ನನಗೆ 50 ದಾಟುವ ಮೊದಲೇ ಬಿ.ಪಿ. ಮಾತ್ರೆ ಶುರುವಾಗಿದೆ.

ನಮ್ಮಲ್ಲಿ ಈ ತಪ್ಪು ಎದ್ದು ಕಾಣುವುದು ಓಣಂ ಹೊತ್ತಿಗೆ. ಕೆನೆ ಬಣ್ಣದ ಕಸವು ಸೀರೆಗೆ ಅಚ್ಚ ಬಿಳಿ ಮುತ್ತು ಬೇಕು ಎನ್ನುತ್ತಾರೆ. ಬಿಳಿ ಮುತ್ತು ತಾಗಿದ ಕೂಡಲೇ ಆ ಚಂದದ ಸೀರೆ ಹಳೆಯದಾಗಿ, ಒಗೆಯದೆ ಬಿಟ್ಟದ್ದರ ಹಾಗೆ ಕಾಣುತ್ತದೆ. "ಚೇಚೀ, ಕೆನೆ ಬಣ್ಣದ ಮುತ್ತು ಹಾಕುವ" ಎಂದರೆ "ಅದು ಮಾಸಿದ ಹಾಗೆ ಉಂಟಲ್ಲ" ಎನ್ನುತ್ತಾರೆ. ಡಬ್ಬದಲ್ಲಿ ಮಾಸಿದ ಹಾಗೆ ಕಾಣುತ್ತದೆ, ಹೌದು. ಪುನಃ ಅದೇ ಡಬ್ಬ!

ಈಗ ನನ್ನದೇ ಒಂದು ಸೋಲು. ಪೆರ್ಲದ ಕಡೆಯ ತಾಯಿ, ಮಗಳು ಬಂದಿದ್ದರು. ಕೆಂಪು ಸೀರೆ, ಹಸಿರು ಅಂಚು. ತೋಳಿನ ತುಂಬ ಒಂದು ಕೆಂಪು ಮಣಿ, ಒಂದು ಹಸಿರು, ಒಂದು ಕೆಂಪು, ಒಂದು ಹಸಿರು, ಹೀಗೆ ಬರಬೇಕು. ನನಗೆ ಒಳಗೊಳಗೆ ಬೇಡ ಅನ್ನಿಸಿತ್ತು. ಒಮ್ಮೆ ಹೇಳಿದೆ, ಅವರು ಒಪ್ಪಲಿಲ್ಲ, ಬಿಟ್ಟೆ. 11 ದಿನ ಹೊಲಿದೆವು. ಮೇಜಿನ ಮೇಲೆ ಅದು ದಾಳಿಂಬೆಯನ್ನು ಸೀಳಿ ಇಟ್ಟ ಹಾಗಿತ್ತು. ಮದುವೆಗೆ ಹೋಗಿ ನಾಲ್ಕನೆಯ ಸಾಲಿನಲ್ಲಿ ಕೂತು ನೋಡುತ್ತೇನೆ, ಮದುಮಗಳ ಎರಡೂ ತೋಳು ಮಳೆಗೆ ನೆನೆದ ಅಡಿಕೆ ಸಿಪ್ಪೆಯ ಬಣ್ಣ. ಊಟದ ಹಂತಿಯಲ್ಲಿ ತಾಯಿ ಫೋನು ತೋರಿಸಿದರು. "ಎಂತ ಅಕ್ಕಾ, ಫೋಟೋದಲ್ಲಿ ಕಂದು ಬಂದದ್ದು?" ಪಾಯಸ ಗಂಟಲಿನಲ್ಲಿ ಇಳಿಯಲಿಲ್ಲ.

ಆದದ್ದು ಇಷ್ಟು. ಒಳ್ಳೆಯ ಕಣ್ಣು ಬೇರೆ ಬೇರೆಯಾಗಿ ಗುರುತಿಸಬಲ್ಲ ಅತಿ ಸಣ್ಣ ಕೋನ ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು. 2 ಮಿಲಿಮೀಟರಿನ ಮಣಿ ಅಷ್ಟು ಸಣ್ಣದಾಗಿ ಕಾಣುವುದು ಸುಮಾರು 7 ಮೀಟರ್ ದೂರದಲ್ಲಿ. ಅದರಿಂದ ಆಚೆ ಅಕ್ಕಪಕ್ಕದ ಎರಡು ಮಣಿ ಕಣ್ಣಿಗೆ ಎರಡಲ್ಲ, ಅವುಗಳ ಬಣ್ಣ ಬೆರೆತು ಒಂದಾಗುತ್ತದೆ. ಬಣ್ಣದ ಮಟ್ಟಿಗೆ ಕಣ್ಣು ಇನ್ನೂ ಮೊದ್ದು, ಅಷ್ಟು ದೂರ ಹೋಗುವ ಮೊದಲೇ ಬೆರೆಸಿಬಿಡುತ್ತದೆ. ಕೆಂಪೂ ಹಸಿರೂ ಹೀಗೆ ಬೆರೆತರೆ ಸಿಗುವುದು ಮಂಕು ಕಂದು. ಮಂಟಪದಿಂದ 7 ಮೀಟರ್ ಎಂದರೆ ಎಲ್ಲಿಗೆ ಬಂತು? ಫೋಟೋದವರು, ಪುರೋಹಿತರು, ಹತ್ತಿರದ ನೆಂಟರು ಮಾತ್ರ ಅದರ ಒಳಗೆ. ಊರವರೆಲ್ಲ ಹೊರಗೆ.

ಮತ್ತೆ ಆ ರವಕೆಯನ್ನು ಬಿಚ್ಚಿ, ಹಸಿರನ್ನು ಬೆರಳಗಲದ ಪಟ್ಟಿಯಾಗಿ, ಕೆಂಪನ್ನು ಅಂಗೈಯಗಲದ ಹೂವಾಗಿ ಕೂಡಿಸಿ ಹೊಲಿದುಕೊಟ್ಟೆ. ಮಣಿ ಅವೇ. ಮದುವೆ ಮುಗಿದಿತ್ತು, ಸೀಮಂತಕ್ಕೆ ಉಟ್ಟಳು.

ಈ ಪಾಠ ನನಗೆ ಮೊದಲೇ ಸಿಕ್ಕಿತ್ತು, ತಲೆಗೆ ಹೋಗಿರಲಿಲ್ಲ. ನಾನು ಕೆಲಸ ಕಲಿಯುವಾಗ ಯಕ್ಷಗಾನದ ವೇಷಭೂಷಣ ಮಾಡುವ ಹಿರಿಯರೊಬ್ಬರು ಕಿತ್ತುಹೋದ ಮಣಿ ಸಾಮಾನನ್ನು ರಿಪೇರಿಗೆ ತರುತ್ತಿದ್ದರು. ಯಕ್ಷಗಾನ ಪ್ರಸಂಗ ಬರೆದ ಕುಂಬಳೆಯ ಪಾರ್ತಿಸುಬ್ಬನ ಸೀಮೆ ಇದು, ಆಟ ಎಂದರೆ ಯಕ್ಷಗಾನವೇ, ಅದರ ಸಾಮಾನಿಗೆ ನಮ್ಮಲ್ಲಿ ಬರಗಾಲವಿಲ್ಲ. ಅವರ ಎದೆಪದಕ ಹತ್ತಿರದಿಂದ ನೋಡಿದರೆ ಒರಟು. ಕೆಂಪೆಂದರೆ ಬರೀ ಕೆಂಪು, ಪಕ್ಕದಲ್ಲಿ ದಪ್ಪ ಬಿಳಿ ಸಾಲು, ಸುತ್ತ ಕಪ್ಪು ಗೆರೆ. ನಾನು ಚಂದ ಮಾಡಲು ಹೋಗಿ ಕೆಂಪಿನ ಒಳಗೆ ಒಂದಿಷ್ಟು ಗುಲಾಬಿ, ನೇರಳೆ ಮಣಿ ಸೇರಿಸಿದೆ. ಅವರು ಬೈಯಲಿಲ್ಲ. "ಮಗಳೇ, ಇದು ವೇಷ ಕಟ್ಟುವ ಚೌಕಿಯಲ್ಲಿ ನೋಡುವ ಸಾಮಾನಲ್ಲ. ಗದ್ದೆಯ ಆಚೆ ಬದಿಯಲ್ಲಿ ಕಂಬಳಿ ಹೊದ್ದು ಕೂತವನಿಗೆ ಕಾಣಬೇಕು" ಎಂದರು. ನಾನು ಆ ಮಾತನ್ನು ಆಟಕ್ಕೆ ಮಾತ್ರ ಎಂದುಕೊಂಡೆ. ಮದುವೆಯೂ ಒಂದು ಆಟವೇ ಎಂದು ತಿಳಿಯಲು ಅಡಿಕೆ ಸಿಪ್ಪೆಯ ಬಣ್ಣ ಬೇಕಾಯಿತು.

ಮ್ಯಾಚಿಂಗ್ ಎಂದು ಪ್ರಾಣ ಬಿಡುವವರಿಗೆ ಒಂದು ಮಾತು. ರಾಮಾ ಗ್ರೀನ್ ಬಟ್ಟೆಗೆ ರಾಮಾ ಗ್ರೀನ್ ಮಣಿ ಸರಿಯಾಗಿ ಸಿಕ್ಕಿತೆಂದರೆ ಕೊಟ್ಟ ಹಣ ಹೋಯಿತೆಂದೇ ಲೆಕ್ಕ. ದೂರಕ್ಕೆ ಏನೂ ಕಾಣುವುದಿಲ್ಲ. ಬಣ್ಣದ ಹೆಸರು ಬೇರೆಯಾದ ಮಾತ್ರಕ್ಕೂ ಕಾಣುವುದಿಲ್ಲ, ಮೆರೂನಿನ ಮೇಲೆ ಕಡು ನೀಲಿ ಹಾಕಿ ನೋಡಿ. ತಿಳಿ, ಗಾಢ ಎಂಬ ಅಂತರ ಬೇಕು. ಮಣಿಯನ್ನು ಬಟ್ಟೆಯ ಮೇಲೆ ಇಟ್ಟು ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಮಣಿ ಬಟ್ಟೆಯಲ್ಲಿ ಮುಳುಗಿತೋ, ತೋಳಿನಲ್ಲೂ ಮುಳುಗುತ್ತದೆ. ಮುಳುಗುವುದೇ ಬೇಕು, ಹತ್ತಿರ ಬಂದವರಿಗೆ ಮಾತ್ರ ಕಾಣಲಿ ಎನ್ನುವವರೂ ಇದ್ದಾರೆ. ಅಂಥವರ ರುಚಿಗೆ ನನ್ನ ನಮಸ್ಕಾರ, ಆದರೆ ಆಮೇಲೆ "ಕಾಣುದೇ ಇಲ್ಲ" ಎಂದು ಹೇಳಬಾರದು.

ಅಂಗಡಿಯ ದೀಪವೂ ಮೋಸ ಮಾಡುತ್ತದೆ. ಅಲ್ಲಿ ಬೆಳ್ಳಗಿನ ಎಲ್‌ಇಡಿ, ಮದುವೆ ಹಾಲ್‌ನಲ್ಲಿ ಹೆಚ್ಚಾಗಿ ಹಳದಿ ದೀಪ. ಹಳದಿ ಬೆಳಕಿಗೆ ಕೆಂಪು, ಕಿತ್ತಳೆ ಏಳುತ್ತವೆ, ನೀಲಿ ಸಪ್ಪೆಯಾಗುತ್ತದೆ. ಹಗಲಿನ ಮುಹೂರ್ತವೋ ರಾತ್ರಿಯ ರಿಸೆಪ್ಶನ್ನೋ ಎಂದು ನಾನು ಕೇಳುವುದು ಕುತೂಹಲಕ್ಕಲ್ಲ.

ಗುಲಾಬಿ, ನೇರಳೆ ಮಣಿಗಳ ಬಗ್ಗೆ ಸ್ವಲ್ಪ ಎಚ್ಚರ. ಗಾಜಿಗೆ ಒಳ್ಳೆಯ ಗುಲಾಬಿ ಬರಿಸಲು ಚಿನ್ನ ಬಳಸುವ ಪದ್ಧತಿ ಉಂಟು, ಅದು ದುಬಾರಿ. ಅಗ್ಗಕ್ಕೆ ಸಿಗುವುದರಲ್ಲಿ ಬಹಳಷ್ಟು ಮೇಲಿಂದ ಬಣ್ಣ ಹಚ್ಚಿದ್ದು. ಎಲ್ಲವೂ ಹಾಗೆ ಎಂದು ನಾನು ಹೇಳುವುದಿಲ್ಲ, ನನ್ನ ಕೈಗೆ ಬಂದದ್ದರ ಮಾತು ಮಾತ್ರ. ಒಮ್ಮೆ ಒಂದು ಅಂಗಡಿಯಿಂದ ತಂದ ರಾಣಿ ಬಣ್ಣದ ಮಣಿ ಮೇ ತಿಂಗಳ ಬೆವರಿಗೆ ಕಂಕುಳಿನ ಹತ್ತಿರ ಬೆಳ್ಳಗಾಗಿ, ಬಣ್ಣವೆಲ್ಲ ಅಸ್ತರಿಗೆ ಇಳಿದಿತ್ತು. ಆಮೇಲಿಂದ ಹತ್ತಿಯ ಉಂಡೆಗೆ ನೈಲ್ ಪಾಲಿಶ್ ತೆಗೆಯುವ ದ್ರವ ಹಾಕಿ ನಾಲ್ಕು ಮಣಿ ಉಜ್ಜಿ ನೋಡದೆ ಹೊಲಿಯುವುದಿಲ್ಲ. ನಾಲ್ಕು ದಿನ ಬಿಸಿಲಿಗೂ ಇಡುತ್ತೇನೆ, ಆಟಿ ತಿಂಗಳ ಮಳೆಯಲ್ಲಿ ಬಂದವರಿಗೆ ಬಿಸಿಲು ನಾನೆಲ್ಲಿಂದ ತರಲಿ? ಬೇಕಾದಷ್ಟನ್ನು ಒಂದೇ ಸಲ ಕೊಳ್ಳಿ. ಅದೇ ನಂಬರಿನ ಮಣಿಯಾದರೂ ಮುಂದಿನ ಸರಕಿನ ಬಣ್ಣ ಒಂದು ಕೂದಲೆಳೆಯಷ್ಟು ಆಚೆ ಈಚೆ ಇರಬಹುದು.

ಈಗ ನಾನು ಡಬ್ಬ ನೋಡಿ ಹೂಂ ಎನ್ನುವುದನ್ನೇ ಬಿಟ್ಟಿದ್ದೇನೆ. ಅದೇ ಬಟ್ಟೆಯ ಚೂರಿನಲ್ಲಿ ಎರಡು ಇಂಚು ಹೊಲಿದು ತೋರಿಸುತ್ತೇನೆ, ಅದಕ್ಕೆ ಹಣವಿಲ್ಲ. ಕೈಯಲ್ಲಿ ಹಿಡಿದು ಮೂಗಿಗೆ ತಾಗಿಸಿ ನೋಡಲು ಬಿಡುವುದಿಲ್ಲ, ರಸ್ತೆಯ ಆಚೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತು ನೋಡಬೇಕು. ಬೇಸರ ಮಾಡಿಕೊಳ್ಳುತ್ತಾರೆ. ಬಿಸಿಲಿಗೆ ಕೊಡೆ ಕೊಟ್ಟು ಕಳಿಸುತ್ತೇನೆ.

ಮೊನ್ನೆ ನೀರ್ಚಾಲಿನ ಹುಡುಗಿಯೊಬ್ಬಳು ಹೋದಳು. ನೇರಳೆ ಸೀರೆ, ತಂದದ್ದು ನೇರಳೆ ಮಣಿ. ಮೊದಲ ತುಂಡು ಎತ್ತಿ ಹಿಡಿದೆ. "ಅಕ್ಕಾ, ಹಿಡಿದದ್ದು ಹೌದಾ?" ಎಂದು ಅಲ್ಲಿಂದ ಕೂಗಿದಳು. ತಿಳಿ ಬಂಗಾರದ ಗಟ್ಟಿ ಮಣಿಯ ಎರಡನೆಯ ತುಂಡು ಎತ್ತುವಷ್ಟರಲ್ಲಿ ಮುಳ್ಳೇರಿಯಾದ ಬಸ್ಸು ಬಂದು ನಡುವೆ ನಿಂತಿತು. ಜನ ಇಳಿದರು, ಹತ್ತಿದರು, ಕೈ ಎತ್ತಿ ನಿಂತ ನನ್ನನ್ನು ಕಂಡಕ್ಟರು ವಿಚಿತ್ರವಾಗಿ ನೋಡಿದ. ಬಸ್ಸು ಹೋದ ಮೇಲೆ ನೋಡಿದರೆ ಹುಡುಗಿ ಕೊಡೆಯಡಿಯಲ್ಲಿ ಅಲ್ಲೇ ಇದ್ದಳು, ಎರಡು ಬೆರಳು ಮೇಲೆತ್ತಿಕೊಂಡು.