ಲಾಡ್ಜಿನ ಬಾಗಿಲು ಯಾರಿಗೆ ತೆರೆಯಿತು?

ಫ್ರೀಮೇಸನ್ನರದು ಪ್ರಮಾಣ ಮಾಡಿ ಸೋದರರಾಗುವವರ ಹಳೆಯ ಸಂಘ. ಆ ಹೆಸರು ಕೇಳಿದ ಕೂಡಲೇ ಗುಪ್ತ ಸಂಘ, ಪಿತೂರಿ ಎಂದು ವಾಟ್ಸಾಪಿನಲ್ಲಿ ಓಡಾಡುವ ಕತೆಗಳೇ ನೆನಪಾಗುತ್ತವೆ. ಅಮೆರಿಕದ ಸೇನೆಯ ಮಟ್ಟಿಗೆ ವಿಷಯ ಅಷ್ಟೇನೂ ನಿಗೂಢವಲ್ಲ. ಮನೆಮಠ ಬಿಟ್ಟು ಬಂದ ಸೈನಿಕನಿಗೆ ನಾಲ್ಕು ಜನರ ಕೂಟ ಬೇಕಿತ್ತು. ಮೇಸನ್ನರ ಅಂಥ ಕೂಟಕ್ಕೇ ಲಾಡ್ಜ್ ಎಂದು ಹೆಸರು.

ಸೇನೆಯೊಳಗೆ ಇದನ್ನು ಮೊದಲಿಟ್ಟವರು ಬ್ರಿಟಿಷ್ ಪಲ್ಟನ್ನಿನವರು. 1732ರಲ್ಲಿ ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜ್, ಅಂದರೆ ಅಲ್ಲಿನ ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆ, ಸಂಚಾರಿ ಲಾಡ್ಜಿಗೆ ಸನ್ನದು ಕೊಟ್ಟಿತು. ಪಲ್ಟನ್ ಹೋದಲ್ಲಿಗೆ ಲಾಡ್ಜೂ ಗಂಟುಮೂಟೆ ಕಟ್ಟುತ್ತಿತ್ತು. ಜಾರ್ಜ್ ವಾಷಿಂಗ್ಟನ್ 1752ರಲ್ಲೇ ವರ್ಜೀನಿಯಾದಲ್ಲಿ ದೀಕ್ಷೆ ಪಡೆದಿದ್ದರು. ಸ್ವಾತಂತ್ರ್ಯ ಯುದ್ಧದಲ್ಲಿ ಅವರ ಸೇನೆಯೊಳಗೂ ಲಾಡ್ಜುಗಳು ಹುಟ್ಟಿಕೊಂಡವು. 1826ರಲ್ಲಿ ಸಂಘದ ಗುಟ್ಟು ಅಚ್ಚು ಹಾಕಿಸಲು ಹೊರಟ ವಿಲಿಯಂ ಮಾರ್ಗನ್ ಕಾಣೆಯಾದಾಗ ಜನ ತಿರುಗಿಬಿದ್ದರು, ಮೇಸನ್ ವಿರೋಧಿ ಪಕ್ಷವೇ ಎದ್ದಿತು. ಅಂತರ್ಯುದ್ಧದ ಹೊತ್ತಿಗೆ ಆ ಸಿಟ್ಟು ಇಳಿದು, ಉತ್ತರ, ದಕ್ಷಿಣ ಎರಡೂ ಪಾಳೆಯಗಳಲ್ಲಿ ಮೇಸನ್ನರಿದ್ದರು.

1863ರ ಜೂನ್. ಲೂಯಿಸಿಯಾನಾದ ಸೇಂಟ್ ಫ್ರಾನ್ಸಿಸ್‌ವಿಲ್ ಬಳಿ ಮಿಸ್ಸಿಸ್ಸಿಪ್ಪಿ ನದಿಯಲ್ಲಿ ಉತ್ತರದವರ ಆಲ್ಬಟ್ರಾಸ್ ಹಡಗು. ಅದರ ಕಮಾಂಡರ್ ಜಾನ್ ಹಾರ್ಟ್ ತನ್ನ ಕೋಣೆಯಲ್ಲೇ ತೀರಿಕೊಂಡ. ಆತ ಮೇಸನ್. ಬಿಳಿ ಬಾವುಟ ಕಟ್ಟಿದ ದೋಣಿ ದಡಕ್ಕೆ ಬಂತು: ಊರಿನಲ್ಲಿ ಮೇಸನ್ನರು ಯಾರಾದರೂ ಇದ್ದಾರೆಯೇ, ನಮ್ಮವನನ್ನು ಮಣ್ಣು ಮಾಡಬೇಕಿದೆ. ದಕ್ಷಿಣದ ಸೇನೆಯ ಡಬ್ಲ್ಯು. ಡಬ್ಲ್ಯು. ಲೀಕ್ ಒಪ್ಪಿದ. ದಿಬ್ಬದ ಮೇಲಿನ ಗ್ರೇಸ್ ಚರ್ಚಿಗೆ ಹೆಣ ಹೊತ್ತು ತಂದರು. ಶತ್ರುವಿನ ಊರಿನವರೇ ವಿಧಿ ನಡೆಸಿದರು. 1912ರಲ್ಲಿ ಸಾಯುವವರೆಗೂ ಲೀಕ್ ಆ ಗೋರಿಯನ್ನು ನೋಡಿಕೊಂಡ. ಯುದ್ಧ ನಿಂತ ದಿನ ಎಂದು ಊರಿನವರು ಅದನ್ನು ಈಗಲೂ ಆಚರಿಸುತ್ತಾರೆ. ನಿಂತದ್ದು ಆ ದಿಬ್ಬದ ಮೇಲಷ್ಟೇ ಅನ್ನಿ. ನದಿ ಹರಿಯುವ ದಿಕ್ಕಿನಲ್ಲಿ ಕೆಳಗಿದ್ದ ಪೋರ್ಟ್ ಹಡ್ಸನ್ನಿಗೆ ಉತ್ತರದವರ ಮುತ್ತಿಗೆ ನಡೆದೇ ಇತ್ತು.

ಕತೆ ಚಂದವೇ. ಆದರೆ ಅದನ್ನು ಹೇಳುವಾಗ ಪ್ರಿನ್ಸ್ ಹಾಲ್ ಹೆಸರು ಬಿಟ್ಟುಹೋಗುತ್ತದೆ. ಬಾಸ್ಟನ್ನಿನ ಈ ಸ್ವತಂತ್ರ ಕಪ್ಪು ವರ್ಣೀಯನಿಗೆ 1770ರ ದಶಕದಲ್ಲಿ ದೀಕ್ಷೆ ಕೊಟ್ಟದ್ದು ಊರಿನ ಲಾಡ್ಜಲ್ಲ, ಬ್ರಿಟಿಷ್ ಪಲ್ಟನ್ನಿನ ಲಾಡ್ಜು. 1784ರ ಸನ್ನದಿಗೂ ಆತ ಲಂಡನ್ನಿಗೇ ಬರೆಯಬೇಕಾಯಿತು. ಅಲ್ಲಿಂದ ಬೆಳೆದ ಪ್ರಿನ್ಸ್ ಹಾಲ್ ಲಾಡ್ಜುಗಳು ಕಪ್ಪು ಸೈನಿಕರ ಅಶ್ವದಳಗಳವರೆಗೂ ಹೋದವು. ಅದೇ ಪ್ರಮಾಣ, ಅದೇ ಸಂಕೇತ. ಎದುರು ಪಾಳೆಯದ ಬಿಳಿಯನಿಗೆ ಒಂದು ದಿನದಲ್ಲಿ ಸಿಕ್ಕ ಸೋದರತ್ವ, ಒಂದೇ ಬಾವುಟದಡಿ ಕಾದಿದವನಿಗೆ ಇನ್ನೂರು ವರ್ಷ ಸಿಗಲಿಲ್ಲ. 1989ರಲ್ಲಿ ಕನೆಕ್ಟಿಕಟ್‌ನ ಬಿಳಿಯರ ಗ್ರ್ಯಾಂಡ್ ಲಾಡ್ಜ್ ತನ್ನ ರಾಜ್ಯದ ಪ್ರಿನ್ಸ್ ಹಾಲ್ ಗ್ರ್ಯಾಂಡ್ ಲಾಡ್ಜನ್ನು ಮಾನ್ಯ ಮಾಡಿತು. ದಕ್ಷಿಣದ ಹಲವು ರಾಜ್ಯಗಳಲ್ಲಿ ಅದಕ್ಕೆ ಮುಂದಿನ ಶತಮಾನವೇ ಬರಬೇಕಾಯಿತು.