ಕರಾಚಿಯ ಗಲ್ಲಿಯಿಂದ ಮುರ್ಕಿಯ ರಸ್ತೆಗೆ: ಬಾಲ ಕತ್ತರಿಸಿದ ಒಂದು ವಿಡಿಯೊ

ಗಲ್ಲಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಬೈಕಿನಲ್ಲಿ ಬಂದ ಇಬ್ಬರು ಒಬ್ಬ ಪುಟ್ಟ ಹುಡುಗನನ್ನು ಎತ್ತಿಕೊಂಡು ಹೊರಟುಬಿಡುತ್ತಾರೆ. 2018ರ ಬೇಸಿಗೆಯಲ್ಲಿ ದಕ್ಷಿಣ ಭಾರತದ ಸಾವಿರಾರು ಮೊಬೈಲುಗಳಿಗೆ ಬಂದ ವಿಡಿಯೊ ಅಲ್ಲಿಗೇ ಮುಗಿಯುತ್ತಿತ್ತು.

ಮೂಲ ವಿಡಿಯೊ ಅಲ್ಲಿಗೆ ಮುಗಿಯುವುದಿಲ್ಲ. ಅದರಲ್ಲಿ ಬೈಕು ತಿರುಗಿ ಬರುತ್ತದೆ, ಹುಡುಗನನ್ನು ಇಳಿಸುತ್ತಾರೆ, ಕರಾಚಿಯ ಬೀದಿಯಿಂದ ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಎಂಬ ಎಚ್ಚರಿಕೆಯ ಫಲಕವನ್ನು ಬಿಚ್ಚಿ ತೋರಿಸುತ್ತಾರೆ. ಅದನ್ನು ಮಾಡಿಸಿದ್ದು ಕಾಣೆಯಾದ ಮಕ್ಕಳಿಗಾಗಿ ದುಡಿಯುವ ಪಾಕಿಸ್ತಾನದ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ. ಕೊನೆಯ ಕೆಲವು ಸೆಕೆಂಡು ಕತ್ತರಿಸಿದ್ದೇ ತಡ, ಮಕ್ಕಳನ್ನು ಕಾಪಾಡಲು ಮಾಡಿದ ಜಾಹೀರಾತು ಮಕ್ಕಳ ಕಳ್ಳರ ‘ಸಾಕ್ಷಿ’ಯಾಯಿತು. ಸುಳ್ಳು ಎಂದರೆ ಯಾರೋ ಕೂತು ಹೊಸದಾಗಿ ಸೃಷ್ಟಿಸಿದ್ದು ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಹೊಸದಾಗಿ ಸೇರಿಸಿದ್ದು ಒಂದು ಚೌಕಟ್ಟೂ (ಫ್ರೇಮ್) ಇಲ್ಲ. ಬಾಲ ಕತ್ತರಿಸಿ, ಊರಿನ ಹೆಸರು ಬದಲಿಸಿದರು, ಅಷ್ಟೇ.

ಇದಕ್ಕೂ ಆರು ವರ್ಷ ಮೊದಲೇ ಬೆಂಗಳೂರು ಇಂಥದೊಂದನ್ನು ಕಂಡಿತ್ತು. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಜಾರ್ ಭಾಗದಲ್ಲಿ ಹಿಂಸಾಚಾರ ನಡೆದಿತ್ತು. ಆಗಸ್ಟ್ ನಡುವಿಗೆ, ರಂಜಾನ್ ಮುಗಿದ ಮೇಲೆ ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಎಂಬ ಎಸ್ಸೆಮ್ಮೆಸ್ಸುಗಳು ಹಬ್ಬಿದವು. ಬೇರೆ ದೇಶಗಳ ಪ್ರಕೃತಿ ವಿಕೋಪದಲ್ಲಿ ಸತ್ತವರ ಚಿತ್ರಗಳನ್ನು ಹತ್ಯಾಕಾಂಡದ ಚಿತ್ರಗಳೆಂದು ಹಂಚಲಾಯಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು ಸಿಟಿ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಮ್ಮೆಗೇ ಹಲವರಿಗೆ ಕಳಿಸುವ ಬಲ್ಕ್ ಎಸ್ಸೆಮ್ಮೆಸ್ಸನ್ನು 15 ದಿನ ನಿಷೇಧಿಸಿ, ಒಬ್ಬರಿಗೆ ದಿನಕ್ಕೆ 5 ಸಂದೇಶ ಎಂದು ಮಿತಿ ಹಾಕಿತು. ಆಮೇಲೆ ಅದನ್ನು 20ಕ್ಕೆ ಏರಿಸಿತು. ವೇಗ ತಗ್ಗಿಸುವ ಈ ಉಪಾಯವನ್ನೇ 2018ರಲ್ಲಿ ವಾಟ್ಸ್‌ಆ್ಯಪ್ ಕೂಡ ಹಿಡಿಯಿತು. ಆದರೆ ಅಷ್ಟರೊಳಗೆ ಹೆಣಗಳು ಬಿದ್ದಿದ್ದವು.

2018ರ ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ 26ರ ಯುವಕನನ್ನು ಮಕ್ಕಳ ಕಳ್ಳನೆಂದು ಕಟ್ಟಿ, ಬಡಿದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಚಿತ್ರದ ಮೂಲ ಹುಡುಕಿ ಎಂದು ಸತ್ಯಶೋಧನೆಯ ಬಗ್ಗೆ ನಾವು ಹೇಳಿಕೊಡುವ ಪಾಠ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ.

ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರಲ್ಲಿ ಒಬ್ಬರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ನೋಡಿದವರಿಗೆ ಅನುಮಾನ ಬಂತು, ಜಗಳವಾಯಿತು, ಅವರು ಕಾರು ಹತ್ತಿ ಹೊರಟರು. ಕಾರು ಮುರ್ಕಿ ತಲುಪುವ ಮೊದಲೇ ಆ ಜಗಳದ ವಿಡಿಯೊ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮುರ್ಕಿ ತಲುಪಿತ್ತು. ಜನ ರಸ್ತೆಗೆ ಅಡ್ಡ ಹಾಕಿದರು, ಕಾರು ಉರುಳಿತು, ಜನ ಬಡಿದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟರು. ತಡೆಯಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದರು.

ಕರಾಚಿಯ ವಿಡಿಯೊ ಹಳೆಯದು. ಹುಡುಕಿದ್ದರೆ ಮೂಲ ಸಿಗುತ್ತಿತ್ತು. ಮುರ್ಕಿಯ ವಿಡಿಯೊ ಆಗಷ್ಟೇ ತೆಗೆದದ್ದು, ಅದರಲ್ಲಿದ್ದ ಕಾರು ನಿಜ, ಜನ ನಿಜ. ಸುಳ್ಳಾಗಿದ್ದದ್ದು ‘ಕಳ್ಳರು’ ಎಂಬ ಒಂದು ಪದ. ಅದನ್ನು ಯಾವ ಗೂಗಲ್ಲೂ ಹೇಳುತ್ತಿರಲಿಲ್ಲ. ಇವೆರಡನ್ನೂ ‘ಫೇಕ್ ನ್ಯೂಸ್’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಮದ್ದು ತಪ್ಪುತ್ತದೆ.

ಹಳೆಯ ಚಿತ್ರಕ್ಕೆ ಹೊಸ ಹೆಸರು ಅಂಟಿಸಿದ್ದನ್ನು ಹಿಡಿಯುವುದು ಹತ್ತು ನಿಮಿಷದ ಕೆಲಸ. ವಿಡಿಯೊವನ್ನು ಮೂರು ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಓಡುವ, ಮಸುಕಾದ ಚೌಕಟ್ಟು ಬೇಡ. ಅಂಗಡಿ ಬೋರ್ಡು, ವಾಹನದ ನಂಬರ್ ಪ್ಲೇಟು, ಸಮವಸ್ತ್ರ, ಕಟ್ಟಡ ಸ್ಪಷ್ಟವಾಗಿರುವುದು ಬೇಕು. ಮೇಲೆ ಬರೆದ ಅಕ್ಷರ, ಎಮೋಜಿಗಳನ್ನು ಕ್ರಾಪ್ ಮಾಡಿ ತೆಗೆದು, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಅಲ್ಲಿ ಸಿಗದಿದ್ದರೆ ಅಂಥದೇ ಇನ್ನೊಂದು ತಾಣವಾದ ಟಿನ್‌ಐಗೆ ಹಾಕಿ. ಅದರಲ್ಲಿ ಫಲಿತಾಂಶಗಳನ್ನು ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಘಟನೆ ‘ನಿನ್ನೆಯದು’ ಎನ್ನುವ ಚಿತ್ರ ಮೂರು ವರ್ಷದ ಹಿಂದೆಯೇ ಎಲ್ಲೋ ಪ್ರಕಟವಾಗಿದ್ದರೆ ಮಾತು ಮುಗಿಯಿತು.

ತಪ್ಪುವುದು ಎಲ್ಲಿ? ಮೊದಲನೆಯದು, ಕನ್ನಡಿ ಬಿಂಬದಂತೆ ಎಡಬಲ ತಿರುಗಿಸಿದ ವಿಡಿಯೊ. ಹುಡುಕಾಟ ಅದನ್ನು ಗುರುತಿಸದೇ ಹೋಗಬಹುದು. ಬೋರ್ಡಿನ ಅಕ್ಷರ ತಿರುಗುಮುರುಗಾಗಿದ್ದರೆ ಚಿತ್ರವನ್ನು ಫ್ಲಿಪ್ ಮಾಡಿ ಮತ್ತೆ ಹುಡುಕಿ. ಇನ್ನೊಂದು, ಫೋಟೊದೊಳಗೆ ಅಡಗಿರುವ ದಿನಾಂಕ, ಸ್ಥಳದ ವಿವರವನ್ನು ನೋಡಿದರಾಯಿತು ಎಂಬ ನಂಬಿಕೆ. ವಾಟ್ಸ್‌ಆ್ಯಪ್ ಮಾಮೂಲಿಯಾಗಿ ಫೋಟೊ ಕಳಿಸುವಾಗ ಆ ವಿವರವನ್ನು ಅಳಿಸಿಬಿಡುತ್ತದೆ. ನಿಮ್ಮ ಫೋನು ತೋರಿಸುವ ದಿನಾಂಕ ಚಿತ್ರ ನಿಮಗೆ ಬಂದು ಇಳಿದ ದಿನದ್ದು. ಮೂರನೆಯದೇ ಹೆಚ್ಚು ಜನರನ್ನು ಬೀಳಿಸುವುದು: ಹುಡುಕಿದೆ, ಏನೂ ಸಿಗಲಿಲ್ಲ, ಹಾಗಾದರೆ ನಿಜವೇ ಇರಬೇಕು. ಸಿಗಲಿಲ್ಲ ಎಂದರೆ ಗೊತ್ತಾಗಲಿಲ್ಲ ಎಂದಷ್ಟೇ ಅರ್ಥ.

ಮುರ್ಕಿಯಂಥ ತಾಜಾ ಸುದ್ದಿಗೆ ಇದ್ಯಾವುದೂ ಆಗುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಎರಡೇ ಪ್ರಶ್ನೆ: ಕಣ್ಣಾರೆ ಕಂಡವರು ಯಾರು? ಯಾರ ಮಗು ಕಾಣೆಯಾಗಿದೆ? ಮಗುವಿನ ಹೆಸರು, ಮನೆ ಯಾರಿಗೂ ಗೊತ್ತಿಲ್ಲ ಎಂದರೆ ಫಾರ್ವರ್ಡ್ ಮಾಡಲು ಅಲ್ಲಿ ಸುದ್ದಿಯೇ ಇಲ್ಲ. ಅನುಮಾನ ಉಳಿದರೆ 112ಕ್ಕೆ ಕರೆ ಮಾಡಿ ಹೇಳಿ, ಗುಂಪಿಗೆ ಹೇಳಬೇಡಿ.

ವಾಟ್ಸ್‌ಆ್ಯಪ್ ಮಾಡಿದ ಬದಲಾವಣೆಗಳಿಂದ ಲಾಭವಾಗಿದೆ, ಆದರೆ ಅವುಗಳ ಸಂದುಗಳೂ ಗೊತ್ತಿರಬೇಕು. 2018ರ ಜುಲೈನಲ್ಲಿ ‘ಫಾರ್ವರ್ಡೆಡ್’ ಹಣೆಪಟ್ಟಿ ಬಂತು, ಭಾರತದಲ್ಲಿ ಒಮ್ಮೆಗೆ 5 ಚಾಟ್ ಎಂಬ ಮಿತಿ ಬಂತು. ಆಗ ಒಂದು ಗುಂಪಿನಲ್ಲಿ 256 ಜನ ಇರಬಹುದಿತ್ತು. ಐದೂ ತುಂಬಿದ ಗುಂಪುಗಳಾದರೆ ಒಂದೇ ಒತ್ತಿಗೆ ಸುಮಾರು 1,280 ಮೊಬೈಲು. ಹಾಗಾಗಿ 2020ರ ಏಪ್ರಿಲ್‌ನಲ್ಲಿ, ಐದು ಕೈ ದಾಟಿ ಬಂದ, ಜೋಡಿ ಬಾಣದ ಗುರುತಿನ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ಬಿಗಿ ಮಾಡಿದರು. ಅಂಥ ಸಂದೇಶಗಳು ಶೇ 70ರಷ್ಟು ಇಳಿದವು ಎಂದು ಕಂಪನಿ ಹೇಳಿತು. ಆದರೆ ವಿಡಿಯೊವನ್ನು ಗ್ಯಾಲರಿಯಿಂದ ಹೊಸದಾಗಿ ಕಳಿಸಿದರೆ, ಬರಹವನ್ನು ಕಾಪಿ ಮಾಡಿ ಅಂಟಿಸಿದರೆ ಆ ಗುರುತು ಮಾಯ. ಬಾಣ ಇದ್ದರೆ ಎಚ್ಚರ ಬೇಕು; ಇಲ್ಲದಿದ್ದರೆ ಧೈರ್ಯ ಬೇಡ.

ಎಲ್ಲವನ್ನೂ ಓದುಗರ ತಲೆಗೆ ಕಟ್ಟುವುದು ಅನ್ಯಾಯ. 2016ರ ನವೆಂಬರ್‌ನಲ್ಲಿ ಹೊಸ 2,000 ರೂಪಾಯಿ ನೋಟಿನಲ್ಲಿ ಜಿಪಿಎಸ್ ಚಿಪ್ ಇದೆ, ಭೂಮಿಯಡಿ ಹೂತರೂ ಉಪಗ್ರಹಕ್ಕೆ ಸಿಗುತ್ತದೆ ಎಂಬ ವಾಟ್ಸ್‌ಆ್ಯಪ್ ಕಥೆಯನ್ನು ಟಿವಿ ವಾಹಿನಿಗಳೇ ಗ್ರಾಫಿಕ್ಸ್ ಹಾಕಿ ತೋರಿಸಿದವು. ರಿಸರ್ವ್ ಬ್ಯಾಂಕ್ ಪ್ರಕಟಿಸಿದ್ದ ನೋಟಿನ ಲಕ್ಷಣಗಳ ಪಟ್ಟಿಯಲ್ಲಿ ಚಿಪ್ಪಿನ ಮಾತೇ ಇರಲಿಲ್ಲ. ಆ ಒಂದು ಪುಟ ಓದುವುದು ಸುದ್ದಿಮನೆಯ ಕೆಲಸವಾಗಿತ್ತು. ‘ಎನ್ನಲಾಗಿದೆ’, ‘ವೈರಲ್ ಆಗಿದೆ’ ಎಂದು ಸೇರಿಸಿದ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ. ಯಾರು ಎಂದರು ಎಂಬುದು ಆ ವಾಕ್ಯದಲ್ಲೇ ಇರಬೇಕು.

ಸರ್ಕಾರವೇ ಸತ್ಯಾಸತ್ಯ ತೀರ್ಮಾನಿಸಲಿ ಎಂಬ ದಾರಿಯೂ ಪರೀಕ್ಷೆಗೆ ಬಂತು. ಕೇಂದ್ರದ ವ್ಯವಹಾರಗಳ ಬಗೆಗಿನ ಸುದ್ದಿಯನ್ನು ಸುಳ್ಳೆಂದು ಗುರುತಿಸುವ ಸರ್ಕಾರಿ ಘಟಕಕ್ಕಾಗಿ 2023ರಲ್ಲಿ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮ ತಿದ್ದಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸರ್ಕಾರ ತನ್ನ ಮೇಲಿನ ಟೀಕೆಗೆ ತಾನೇ ತೀರ್ಪುಗಾರ ಆಗಬಾರದು ಎಂಬ ನಿಲುವು ಸರಿಯಾದದ್ದೇ.

ನೋಡುಗರ ಕೈಯಲ್ಲಿ ಉಳಿದಿರುವ ಒಂದು ಹತಾರವನ್ನು ಬಳಸುವವರು ಕಡಿಮೆ: ದೂರು. 2021ರಲ್ಲಿ ತಿದ್ದಿದ ಕೇಬಲ್ ಟಿವಿ ನಿಯಮಗಳ ಪ್ರಕಾರ ದೂರು ಮೊದಲು ವಾಹಿನಿಯ ದೂರು ಅಧಿಕಾರಿಗೆ ಹೋಗಬೇಕು, ಅವರು 15 ದಿನದಲ್ಲಿ ಉತ್ತರಿಸಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದೊಳಗೆ ವಾಹಿನಿ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ, ಆಮೇಲೆ ಪ್ರೆಸ್ ಕೌನ್ಸಿಲ್‌ಗೆ. ದೂರಿನಲ್ಲಿ ಕಾರ್ಯಕ್ರಮದ ಹೆಸರು, ದಿನಾಂಕ, ಗಂಟೆ ನಿಮಿಷ, ತಪ್ಪಾದ ವಾಕ್ಯ ಇದ್ದ ಹಾಗೇ, ಅದು ತಪ್ಪೆಂದು ತೋರಿಸುವ ದಾಖಲೆ ಇರಲಿ. ವಿಡಿಯೊ ಲಿಂಕ್ ಒಂದನ್ನೇ ನಂಬಬೇಡಿ. ತಪ್ಪು ಬಯಲಾದ ಕೂಡಲೇ ಅದನ್ನು ತೆಗೆದುಹಾಕಬಹುದು. ಮೊದಲು ರೆಕಾರ್ಡ್ ಮಾಡಿಟ್ಟುಕೊಂಡು ಆಮೇಲೆ ಬರೆಯಿರಿ.